ದೇಲಿಯೋನ ಕೈ

ಶ್... ಮೆತ್ತಗೆ ಮಾತಾಡು. ಬಾಗಿಲು ಹಾಕಿದೀಯಾ? ಚಿಲಕಾನೂ ಹಾಕು ಕಣೇ ನೊಯೇಮಿ, ಈ ಮೆಟ್ಟಿಲ ಮೇಲೆ ಯಾರು ಯಾವಾಗ ನಿಂತು ಕೇಳಿಸಿಕೊಳ್ತಾರೋ ಹೇಳೋಕಾಗಲ್ಲ. ಹ್ಞಾ, ಬಾ, ಈ ಸ್ಟೂಲ್ ಮೇಲೆ ಕೂತ್ಕೋ. ಕಾಲು ಆಮೇಲೆ ನೋಡುವೆಯಂತೆ. ಎಪ್ಪತ್ತೆಂಟು ವರ್ಷದ ಕಾಲು, ಎಲ್ಲಿಗೆ ಓಡಿಹೋಗುತ್ತೆ!

ಮೆಟ್ಟಿಲಲ್ಲಿ ಅವನನ್ನ ನೋಡಿ ಬೆಚ್ಚಿಬಿದ್ದೆ ಅಂದೆಯಲ್ಲ... ಅವನೇ ದೇಲಿಯೋ. ಎದುರು ಬಾಗಿಲು. ಬಲಗೈನ ಕೂಸಿನ ಥರ ಎದೆಗೆ ಅವಚಿಕೊಂಡು ಹತ್ತುತ್ತಾ ಇದ್ದ, ಅಲ್ವಾ? ಅದು ಹೇಗಾಯ್ತು ಅಂತ ಹೇಳ್ತೀನಿ. ಆದರೆ ಮೊದಲು ಆಣೆ ಇಡು. ನಿನ್ನ ತಾಯಿ ಮೇಲೆ. ಈ ಬಾಗಿಲಿಂದಾಚೆ ಒಂದು ಮಾತು ಹೋಗಕೂಡದು... ಸರಿ, ತಲೆ ಆಡಿಸಿದ್ದೇ ಸಾಕು. ಮಾತೆ ಮರಿಯಾ ನೋಡಿದ್ದಾಳೆ, ಅಗೋ, ಗೋಡೆ ಮೇಲಿಂದ.

ಯಾಕೆ ನಗ್ತೀಯಾ? ಗುಟ್ಟು ಗುಟ್ಟು ಅಂತ ಊರಿಗೆಲ್ಲ ಹಂಚೋಳು ಈ ತೆಕ್ಲಾನೇ ಅಂತ ಯಾರೋ ನಿನ್ನ ಕಿವಿ ಊದಿರಬೇಕು. ರೊಟ್ಟಿ ಅಂಗಡಿಯವಳು ತಾನೇ? ಅವಳ ನಾಲಿಗೆಗೆ ಹುಳ ಬೀಳ! ಅವಳ ಕಥೆ ನಾಳೆ ಹೇಳ್ತೀನಿ, ಅದು ಬೇರೆಯದೇ ಒಂದು ಗಂಟು, ಬಿಚ್ಚಿದರೆ ಪಾದ್ರಿಗಳೂ ಮೂಗು ಮುಚ್ಚಿಕೋಬೇಕು.

ವೈಸಿಗೆ ಇಟ್ಟು ಹಿಂಡಿದರು ಕಣೇ. ಅವನ ಕೈನ. ಕಾರ್ಖಾನೆಯ ಮೇಜಿಗೆ ಬಿಗಿದಿರುತ್ತಲ್ಲ, ಕಬ್ಬಿಣ ಹಿಡಿದುಕೊಳ್ಳೋ ವೈಸು, ಅದರಲ್ಲಿ. ನಾಲ್ಕು ಜನ ಹಿಡ್ಕೊಂಡರು, ಒಬ್ಬ ತಿರುಗಿಸಿದ. ಹಾಡಹಗಲು, ಚರ್ಚಿನ ಗಂಟೆ ಹನ್ನೆರಡು ಹೊಡೀತಾ ಇತ್ತು. ಮೊದಲು ಕಿರುಬೆರಳು ಹೋಯ್ತು, ಒಣ ಪುಳ್ಳೆ ಮುರಿದ ಹಾಗೆ... ಯಾಕೆ ಮುಖ ಹಿಂಡ್ತೀಯಾ? ನೀನು ನರ್ಸು ಅಲ್ವಾ? ದಿನಾ ರಕ್ತ ನೋಡೋಳು!

ಇರು, ಮೊದಲಿಂದ ಹೇಳ್ತೀನಿ. ನೀನು ಸರೋವರದ ಆಚೆ ದಡದವಳು, ನಿನಗೆ ಈ ಊರಿನ ಜನದ ಹುಚ್ಚು ಗೊತ್ತಿಲ್ಲ.

ಬೆರ್ಗಾಂತಿ ಬೈಕು ಅಂದರೆ ಇಡೀ ಇಟಲಿ ಎದ್ದು ನಿಲ್ಲುತ್ತಿತ್ತು. ಮುದುಕ ಯಜಮಾನ ಓರೆಸ್ತೆ ಬೆರ್ಗಾಂತಿ ಇದ್ದ ಕಾಲ ಅದು. ಹದಿನಾಲ್ಕು ವರ್ಷಕ್ಕೇ ನನ್ನನ್ನ ಶಾಲೆ ಬಿಡಿಸಿ ಅವನ ಕಾರ್ಖಾನೆಗೆ ಸೇರಿಸಿದರು. ಮೂವತ್ತೊಂದು ವರ್ಷ ನನ್ನ ಕೆಲಸ ಏನು ಗೊತ್ತಾ? ಪೆಟ್ರೋಲ್ ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ ಎಳೆಯೋದು. ಅಳತೆಕೋಲಿಲ್ಲ, ಕಾಗದದ ಪಟ್ಟಿ ಅಂಟಿಸೋದಿಲ್ಲ. ಉದ್ದ ಕೂದಲಿನ ಒಂದು ಬ್ರಷ್ಷು, ಮತ್ತೆ ಹಿಡಿದ ಉಸಿರು. ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನಡುವೆ ಉಸಿರು ಬಿಟ್ಟೆಯೋ, ಟ್ಯಾಂಕು ಮತ್ತೆ ಮೊದಲಿಂದ. ಈಗ ನೋಡು ಈ ಕೈ, ಕಾಫಿ ಲೋಟ ಎತ್ತಿದರೆ ತಟ್ಟೆ ತುಂಬಾ ಕಾಫಿ.

ಚೆಂದಕ್ಕೆ ಮಾಡೋರು, ಲಾಭಕ್ಕಲ್ಲ. ಒಂದೊಂದು ಬೈಕು ಮಾರಿದಾಗಲೂ ಕೈಯಿಂದಲೇ ದುಡ್ಡು ಕಳಕೊಳ್ಳೋರಂತೆ! ಮುದುಕ ಸತ್ತ. ಮಗ ಬಂದ. ಎರಡು ಸಂಸಾರ, ಮೂರು ದೋಣಿ, ಒಂದು ಕಾಸಿನ ಬುದ್ಧಿ ಇಲ್ಲ. ಸ್ವೀಡನ್ನಿನವರಿಗೆ ಮಾರಿದ. ಅವರು ಬಂದರು, ಕಾರ್ಖಾನೆ ಗೋಡೆಗೆಲ್ಲ ಬಿಳಿ ಬಣ್ಣ ಬಳಿದರು, ಎರಡು ಚಳಿಗಾಲ ಕಳೆದು ಹೋದರು. ಆಮೇಲೆ ಮಿಲಾನಿನಿಂದ ಒಬ್ಬ. ಷೂ ಹಾಕ್ತಿದ್ದ, ಒಳಗೆ ಕಾಲುಚೀಲ ಇರಲಿಲ್ಲ. ಅವತ್ತೇ ನಾನು ಹೇಳಿದೆ, ಕಾಲುಚೀಲಕ್ಕೆ ಗತಿ ಇಲ್ಲದೋನು ಕಾರ್ಖಾನೆ ನಡೆಸ್ತಾನಾ ಅಂತ. ಅವನೂ ಒಂದು ಬೆಳಿಗ್ಗೆ ನಾಪತ್ತೆ. ಕೋರ್ಟಿನವರು ಬಂದು ಬೀಗ ಜಡಿದರು. ಕೊನೆಗೆ ಬಂದರು ನೋಡು ಜರ್ಮನಿಯವರು. ಅವರ ಕಡೆಯ ದೊಡ್ಡ ಮನುಷ್ಯ ಲೂಡ್ಕೆ ಅಂತ, ಗುಡ್ಡದ ಮೇಲಿನ ಬಂಗಲೆಯಲ್ಲಿ ಇಳಿದುಕೊಂಡ.

ಅವರಿಗೆ ಕಾರ್ಖಾನೆ ಬೇಡ, ನಾವೂ ಬೇಡ. ಹೆಸರು ಬೇಕು. ಮತ್ತೆ ಅಚ್ಚು ಬೇಕು. ಎಂಜಿನ್ನಿನ ಹೊಟ್ಟೆ ಎರಕ ಹೊಯ್ಯೋಕೆ ಮರದ ಅಚ್ಚು ಇರ್ತಾವೆ ಕಣೇ, ಪೇರ್ ಹಣ್ಣಿನ ಮರದ್ದು, ಮುದುಕ ಯಜಮಾನನ ಕಾಲದ್ದು. ಅವು ಕೈಗೆ ಬಂದರೆ ಲಾರಿಗೆ ಹೇರಿಕೊಂಡು ಹೋಗಿ ತಮ್ಮೂರಲ್ಲೇ ಬೆರ್ಗಾಂತಿ ಬೈಕು ಮಾಡ್ತಾರೆ. ಬರಲಿಲ್ಲವೋ, ಇಲ್ಲೇ ಇದ್ದು ನಮ್ಮ ಜನರನ್ನೇ ಕೆಲಸಕ್ಕೆ ಇಟ್ಟುಕೋಬೇಕು, ಬೇರೆ ದಾರಿ ಇಲ್ಲ. ಕಾರ್ಮಿಕರ ಸಂಘದ ಮುಂದಾಳು ಗಾವ್ದೆನ್ಸಿಯೊ, ಆ ಎತ್ತಿನ ಕತ್ತಿನವನು, ಅವನ ತಲೆ ಓಡಿತು. ಜರ್ಮನಿಯವರು ಸಹಿ ಹಾಕೋಕೆ ಮುಂಚೆನೇ ಅಚ್ಚೆಲ್ಲ ಸಾಗಿಸಿ ಬಚ್ಚಿಟ್ಟರು. ಎಲ್ಲಿ? ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ! ಕ್ರಿಸ್ಮಸ್ಸಿಗೆ ಜೋಡಿಸ್ತೀವಲ್ಲ, ಕುರುಬರು, ಕುರಿ, ಕತ್ತೆ, ಒಂಟೆ, ಆ ಗೊಂಬೆಗಳ ಹಿಂದೆ. ಆರೇ ಜನಕ್ಕೆ ಗೊತ್ತಿದ್ದದ್ದು.

ನನಗಾ? ನನಗೆ ಹೇಗೆ ಗೊತ್ತು ಅಂತ ಕೇಳ್ತೀಯಾ? ಚರ್ಚು ಗುಡಿಸೋಳು ನಾನೇ ಅಲ್ವೇನೇ! ಬೀಗದಕೈ ನನ್ನ ಸೊಂಟದಲ್ಲೇ ಇರುತ್ತೆ. ಸರಿ, ಏಳು ಜನ ಅಂತಿಟ್ಕೋ.

ಬಿಚ್ಚು, ಬಿಚ್ಚು ಪಟ್ಟಿ, ನಿನಗೆ ಬೇರೆ ಮನೆಗೂ ಹೋಗಬೇಕು. ಮೆತ್ತಗೆ! ಅಂಟಿಕೊಂಡಿದೆ... ಅಯ್ಯಯ್ಯೋ... ಹೇಳಿದೆನಲ್ಲ, ಮೆಕ್ಕೆಜೋಳದ ಹಿಟ್ಟು ಕುದಿಸಿ ಪೊಲೆಂಟಾ ಕಲಸ್ತಾ ಇದ್ದೆ, ಪಾತ್ರೆ ಜಾರಿ ಮಗುಚಿತು. ಕುದಿಯೋ ಹಿಟ್ಟು ಕೆಸರಿನ ಥರ ಕಚ್ಚಿಕೊಳ್ಳುತ್ತೆ. ಎರಡು ವಾರ ಯಾರಿಗೂ ತೋರಿಸಲಿಲ್ಲ, ಕೀವು ತುಂಬ್ತು, ಅದಕ್ಕೇ ಡಾಕ್ಟರು ನಿನ್ನನ್ನ ಕಳಿಸಿದ್ದು.

ಎಲ್ಲಿದ್ದೆ? ಹ್ಞಾ. ಇಲ್ಲೇ ನೀನು ಗಮನ ಇಟ್ಟು ಕೇಳಬೇಕು. ಬೆರ್ಗಾಂತಿಯಲ್ಲಿ ಒಂದು ಪದ್ಧತಿ. ಒಂದು ಎಂಜಿನ್ನು, ಒಂದು ಕೈ. ಮೊದಲ ಬೋಲ್ಟಿನಿಂದ ಕೊನೆ ಬೋಲ್ಟಿನವರೆಗೆ ಒಬ್ಬನೇ ಜೋಡಿಸಬೇಕು, ಬೇರೆಯೋನು ಮುಟ್ಟಕೂಡದು. ಅದಕ್ಕೇ ಒಂದೊಂದು ಎಂಜಿನ್ನಿಗೂ ಕಟ್ಟಿದವನ ದನಿ. ನಮ್ಮೂರಲ್ಲಿ ಪಾತ್ರೆ ತೊಳೆಯೋ ಹೆಂಗಸು ಕೂಡ ತಲೆ ಎತ್ತದೆ ಹೇಳ್ತಾಳೆ, ದಾರಿಯಲ್ಲಿ ಹೋಗಿದ್ದು ಯಾರು ಕಟ್ಟಿದ್ದು ಅಂತ. ದೇಲಿಯೋ ಕಟ್ಟಿದ್ದು ಇಳಿಜಾರಲ್ಲಿ ವೇಗ ತಗ್ಗಿಸಿದರೆ ಮೂರು ಸಲ ಕೆಮ್ಮುತ್ತೆ. ಖ್ಹು ಖ್ಹು ಖ್ಹು. ನಶ್ಯ ಏರಿಸಿದ ಮುದುಕನ ಥರ. ಬೇಕಂತಲೇ ಹಾಗೆ ಬಿಡ್ತಿದ್ದ, ಅದು ಅವನ ಸಹಿ.

ನನ್ನ ಗಂಡ ಅಕಿಲ್ಲೆಯ ಬೈಕೂ ಅವನೇ ಕಟ್ಟಿದ್ದು. ಒಂದೇ ವಾರದಲ್ಲಿ ಎರಡು ಕಟ್ಟಿದ ಮಹಾರಾಯ, ಒಂದು ತನಗೆ, ಒಂದು ಗೆಳೆಯನಿಗೆ. ಅವೆರಡೂ ಒಟ್ಟಿಗೆ ಗುಡ್ಡ ಇಳಿದರೆ ಯಾವುದು ಯಾವುದು ಅಂತ ದೇವರೂ ಹೇಳೋಕಾಗ್ತಿರಲಿಲ್ಲ. ಎರಡು ಟ್ಯಾಂಕಿಗೂ ಗೆರೆ ಎಳೆದೋಳು ನಾನು... ಇಲ್ಲ, ಈಗಿಲ್ಲ. ಅಕಿಲ್ಲೆ ಹೋಗಿ ಒಂಬತ್ತು ವರ್ಷ ಆಯ್ತಲ್ಲ, ಸ್ವಿಟ್ಜರ್ಲೆಂಡಿನೋನೊಬ್ಬನಿಗೆ ಕೊಟ್ಟುಬಿಟ್ಟೆ. ಊರಿಗೆಲ್ಲ ಗೊತ್ತು, ನಾನೇ ಹೇಳಿದೀನಿ.

ಆ ಭಾನುವಾರ... ಇವತ್ತಿಗೆ ಮೂರು ವಾರ. ಊಟ ಆಗಿ ಊರೆಲ್ಲ ಮಲಗಿತ್ತು. ಒಂದು ಬೈಕು ಗುಡ್ಡ ಹತ್ತಿತು, ಬಂಗಲೆ ಕಡೆಗೆ. ಅರ್ಧ ಗಂಟೆಗೆ ಇಳೀತು. ಇಳಿಯುವಾಗ ಖ್ಹು ಖ್ಹು ಖ್ಹು. ಹಾಸಿಗೆಯಲ್ಲೇ ಎಲ್ಲರ ಕಿವಿ ನೆಟ್ಟಗಾಯ್ತು. ಸ್ಮಶಾನದ ತಿರುವಿನವರೆಗೆ ತಳ್ಳಿಕೊಂಡೇ ಹೋಗಿ, ಅಲ್ಲಿಂದ ಸ್ಟಾರ್ಟ್ ಮಾಡಿದ್ದು...

ಹಾಂ? ತಳ್ಳಿಕೊಂಡು ಹೋಗಿದ್ದು ನನಗೆ ಹೇಗೆ...? ಜನ ಹೇಳಿದರು! ಜನ ಏನೆಲ್ಲ ಹೇಳ್ತಾರೆ! ನೀನೇನು ನರ್ಸೋ ಪೊಲೀಸೋ?

ಸೋಮವಾರ ಬೆಳಿಗ್ಗೆ ಬಂತು ನೋಡು, ಪೊಲೀಸರ ನಾಲ್ಕು ವ್ಯಾನು, ಹಿಂದೆ ಲಾರಿ. ನೆಟ್ಟಗೆ ಚರ್ಚಿಗೇ. ಬಾಗಿಲು ಒಡೀಲಿಲ್ಲ, ಬೀಗ ತೆಗೆದರು. ಅಚ್ಚೆಲ್ಲ ಹೊತ್ತು ಲಾರಿಗೆ ಹಾಕಿದರು. ನಮ್ಮ ಹೆಂಗಸರು ಲಾರಿ ಮುಂದೆ ಅಡ್ಡ ಮಲಗಿದರು. ಕೂದಲು ಹಿಡಿದು ಎಳೆದು ಹಾಕಿದರು, ಒಬ್ಬಳ ಹಲ್ಲು ಕಲ್ಲುಹಾಸಿನ ಮೇಲೆ ಬಿತ್ತು. ಗಾವ್ದೆನ್ಸಿಯೊನ ತಲೆಗೆ ಲಾಠಿ ಏಟು, ಮುಖದ ತುಂಬ ರಕ್ತ, ಆದರೂ ಕೂಗ್ತಾನೇ ಇದ್ದ, "ಮಾರಿದೋನು ಯಾರು? ನಮ್ಮನ್ನ ಮಾರಿದೋನು ಯಾರು?" ಅಂತ. ಗೊಂಬೆ ಕತ್ತೆಯೊಂದು ಲಾರಿ ಚಕ್ರಕ್ಕೆ ಸಿಕ್ಕಿ ಪುಡಿಯಾಯ್ತು. ಯೇಸುವನ್ನು ಹೊತ್ತ ಕತ್ತೆ!

ಮಂಗಳವಾರ ನೋಟೀಸು ಅಂಟಿಸಿದರು. ಇನ್ನೂರ ಹತ್ತು ಜನ ಮನೆಗೆ. ಬುಧವಾರ ಗಂಡಸರು ಗೇಟು ಮುರಿದು ಒಳಗೆ ನುಗ್ಗಿದರು. ಸಿದ್ಧವಾಗಿ ನಿಂತಿದ್ದ ಹದಿನಾರು ಬೈಕಿನ ಮೇಲೆ ಬಿದ್ದರು ಸುತ್ತಿಗೆ ತಗೊಂಡು. ತಾವೇ ಕಟ್ಟಿದ್ದನ್ನ ತಾವೇ! ಅಳ್ತಾ ಇದ್ದರು, ಹೊಡೀತಾ ಇದ್ದರು. ನಾನು ಗೇಟಿನ ಹತ್ರ ನಿಂತಿದ್ದೆ. ಟ್ಯಾಂಕು ಒಳಕ್ಕೆ ಕುಸಿದಾಗ ಗೆರೆ ಬಿರುಕುಬಿಟ್ಟು ಎದ್ದು ಬರುತ್ತೆ ಗೊತ್ತಾ, ಒಣಗಿದ ಗಾಯದ ಹಕ್ಕಳೆ ಥರ. ಅವು ನಾನು ಎಳೆದ ಗೆರೆ ಅಲ್ಲ, ನನ್ನ ನಂತರದೋಳದ್ದು. ಆದರೂ ಪ್ರತಿ ಏಟಿಗೂ ನಾನು ಉಸಿರು ಹಿಡೀತಾ ಇದ್ದೆ...

ಬೈಕು ಮುಗಿದ ಮೇಲೂ ಸುತ್ತಿಗೆ ಕೈಯಲ್ಲೇ ಇತ್ತು. ಈಗ ಮನುಷ್ಯ ಬೇಕಾಗಿತ್ತು ಅವರಿಗೆ. ಅವತ್ತೇ ಸಂಜೆ ರೊಟ್ಟಿ ಅಂಗಡಿಗೆ ಬಂದ ಗಾವ್ದೆನ್ಸಿಯೊ, ತಲೆಗೆ ಬಟ್ಟೆ ಸುತ್ತಿಕೊಂಡು. ಎಲ್ಲರ ಮುಂದೆ ಕೇಳಿದ, "ತೆಕ್ಲವ್ವಾ, ಭಾನುವಾರ ನಾನು ಮಲಗಿದ್ದೆ, ಹೆಂಡತಿ ಕೇಳಿಸಿಕೊಂಡಳು. ನಿನ್ನ ಕಿವಿ ಊರಿಗೇ ದೊಡ್ಡದು. ಗುಡ್ಡ ಹತ್ತಿದ್ದು ಯಾರ ಎಂಜಿನ್ನು?"

ನಾನೇನು ಹೇಳಲಿ? ಇದ್ದದ್ದು ಹೇಳಿದೆ. "ದೇಲಿಯೋನ ಕೈಯದು" ಅಂದೆ.

ಸುಳ್ಳಾ? ಹೇಳು ನೀನೇ, ಸುಳ್ಳಾ ಅದು? ಮಾತೆ ಮರಿಯಾ ಮುಂದೆ ಬೇಕಾದರೂ ಹೇಳ್ತೀನಿ, ಒಂದಕ್ಷರ ಸುಳ್ಳಿಲ್ಲ!

ಮಾರನೇ ದಿನ ಮಧ್ಯಾಹ್ನ ಅವನನ್ನ ಮನೆಯಿಂದ ಎಳಕೊಂಡು ಹೋದರು. ಊಟಕ್ಕೆ ಕೂತಿದ್ದನಂತೆ, ಕೊರಳಿಗೆ ಕಟ್ಟಿದ ಕರವಸ್ತ್ರ ಹಾಗೇ ಇತ್ತು. ಹೆಂಡತಿ ಎರ್ಮೀನಿಯಾ ಹಿಂದಿಂದ ಬರಿಗಾಲಲ್ಲಿ ಓಡ್ತಾ ಇದ್ದಳು, "ಅವನ ಬೈಕು ಬಿಚ್ಚಿ ಹಾಕಿದೆ ಕಣ್ರೋ! ಎಂಜಿನ್ನು ನನ್ನ ಅಡುಗೆ ಮೇಜಿನ ಮೇಲೆ ಎರಡು ತಿಂಗಳಿಂದ ಬಿದ್ದಿದೆ! ಬಂದು ನೋಡ್ರೋ!" ಅಂತ. ಯಾರಾದರೂ ನೋಡಿದರಾ? ಹತ್ತು ಹೆಜ್ಜೆ ಮೆಟ್ಟಿಲು. ಒಬ್ಬ ಹತ್ತಲಿಲ್ಲ. "ನಾವು ಕಿವಿಯಾರೆ ಕೇಳಿದೀವಿ" ಅಂದರು. ನಮ್ಮೂರೋರು ಕಣ್ಣಿಗೆ ಕಂಡಿದ್ದನ್ನ ಬೇಕಾದರೂ ಅನುಮಾನಿಸ್ತಾರೆ, ಎಂಜಿನ್ನಿನ ಸದ್ದನ್ನ ಅನುಮಾನಿಸಲ್ಲ.

ನಾನೂ ಹೋದೆ. ಎಲ್ಲರೂ ಹೋದರು, ನಾನೂ ಹೋದೆ. ಹಾಗೆ ನೋಡಬೇಡ! ಬಾಗಿಲಲ್ಲಿ ನಿಂತಿದ್ದೆ ಅಷ್ಟೆ.

ಮೇಜಿಗೆ ಒರಗಿಸಿ ಬೆನ್ನ ಮೇಲೆ ಮೊಣಕಾಲು ಊರಿದರು. ಆ ಬಡಗಿ ಅಣ್ಣತಮ್ಮಂದಿರು ಇಬ್ಬರು ತೋಳು ಹಿಡಿದರು. ಒದ್ದರು, ಉಗಿದರು. ಮೂಗು ಒಡೆದು ಕರವಸ್ತ್ರ ಕೆಂಪಗಾಯ್ತು. "ಜರ್ಮನಿಯೋನ ನಾಯಿ, ಬೊಗಳು!" ಅಂದರು. ಆಮೇಲೆ ಬಲಗೈನ ವೈಸಿನ ದವಡೆಗೆ ಇಟ್ಟು ಗಾವ್ದೆನ್ಸಿಯೊ ಒಂದು ಸುತ್ತು ತಿರುಗಿಸಿದ. "ಭಾನುವಾರ ಗುಡ್ಡ ಹತ್ತಿದ ಎಂಜಿನ್ನು ಯಾರದು?" ಅಂದ.

ದೇಲಿಯೋ ತಲೆ ಎತ್ತಿದ. ಗುಂಪಿನ ಮೇಲೆಲ್ಲ ಕಣ್ಣಾಡಿಸಿದ. ಬಾಗಿಲ ಹತ್ರ ಬಂದು... ನಿಲ್ಲಿಸಿದ. ಹೌದು, ನನ್ನ ಮೇಲೆ. ನೋಡಿದ, ನೋಡಿದ... ಆಮೇಲೆ ಹೇಳಿದ, "ನಾನೂ ಕೇಳಿಸಿಕೊಂಡೆ. ನಾನು ಕಟ್ಟಿದ್ದೇ ಅದು."

ಅಷ್ಟೇ. ಒಪ್ಪಿಕೊಂಡ ಹಾಗೇ ಅಲ್ವಾ? ಬಾಯಿಬಿಟ್ಟು ಒಪ್ಪಿಕೊಂಡ ಹಾಗೇ! ಗಾವ್ದೆನ್ಸಿಯೊ ತಿರುಗಿಸಿದ. ತಿರುಗಿಸ್ತಾನೇ ಹೋದ. ಐದು ಬೆರಳು ಕಣೇ, ಒಂದಾದ ಮೇಲೊಂದು. ಎರ್ಮೀನಿಯಾ ಒಬ್ಬನ ಕಿವಿ ಕಚ್ಚಿದಳು, ರಕ್ತ ಬರೋ ಹಾಗೆ, ಆದರೂ ಅವರು ಬಿಡಲಿಲ್ಲ. ದೇಲಿಯೋ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಎಣ್ಣೆ ಇಲ್ಲದ ಯಂತ್ರದ ಥರ ಒಂದು ಸದ್ದು, ಗಂಟಲಲ್ಲಿ... ಈಗಲೂ ಕೇಳುತ್ತೆ. ನಲ್ಲಿ ತಿರುಗಿಸಿದರೆ ಸಾಕು, ಕೇಳುತ್ತೆ.

ಪೊಲೀಸರು ಬಂದು ಕೇಳಿದರೆ ಏನಂದ ಗೊತ್ತಾ? "ಯಂತ್ರಕ್ಕೆ ಕೈ ಸಿಕ್ತು." ಮುಗೀತು.

ಏನು? ನನ್ನ ಮಗನಾ? ಇವಾನೋನ ವಿಷಯ ಈಗ ಯಾಕೆ? ಹೌದು, ಅವನೊಬ್ಬನನ್ನ ಜರ್ಮನಿಯೋರು ಇಟ್ಟುಕೊಂಡಿದಾರೆ. ಬೈಕು ಓಡಿಸಿ ಪರೀಕ್ಷೆ ಮಾಡೋ ಕೆಲಸ, ಮೊದಲೂ ಅದನ್ನೇ ಮಾಡ್ತಿದ್ದ. ಅವನಷ್ಟು ಚೆನ್ನಾಗಿ ಓಡಿಸೋನು ಇನ್ನೊಬ್ಬ ಇದ್ದರೆ ತೋರಿಸಲಿ! ಇನ್ನೂರ ಹತ್ತು ಜನ ಮನೆಗೆ ಹೋಗಿ ಅವನೊಬ್ಬನೇ ಉಳಿದದ್ದು ಯಾಕೆ ಅಂದರೆ... ಅವನ ಕೈಗುಣ. ಐವತ್ತೆರಡು ವರ್ಷ ಅವನಿಗೆ. ಹೆಂಡತಿ ಬಿಟ್ಟುಹೋದಳು, ಮೂರು ಸಲ ಬಿದ್ದು ಸೊಂಟಕ್ಕೆ ಕಬ್ಬಿಣ ಹಾಕಿಸಿಕೊಂಡಿದಾನೆ. ಬೈಕಿಂದ ಇಳಿಸಿದರೆ ಅವನು ಸರೋವರಕ್ಕೆ ಹಾರಿಕೊಳ್ತಿದ್ದ. ನನಗೆ ಹೇಳಿದ್ದ ಹಾಗಂತ. ಇದೇ ಕುರ್ಚಿಯಲ್ಲಿ ಕೂತು, ಇಷ್ಟು ದೊಡ್ಡ ಗಂಡಸು, ನನ್ನ ಮಡಿಲಲ್ಲಿ ಮುಖ ಇಟ್ಟು...

ಕೆಳಗೆ? ಕೆಳಗಿನ ಕೊಟ್ಟಿಗೆಯಲ್ಲಿ ಏನೂ ಇಲ್ಲ. ನೀನು ಅಲ್ಯಾಕೆ ನೋಡೋಕೆ ಹೋದೆ? ಸೈಕಲ್ ಇಟ್ಟೆಯಾ... ಅದು ಹಳೇ ಹೊಲಿಗೆ ಯಂತ್ರ. ಮೇಲುಹಾಸು ಹೊದಿಸಿದೀನಿ, ಧೂಳು ಅಂತ. ಉದ್ದ ಇದ್ದರೆ ಏನಾಯ್ತು? ಮೊದಲಿನ ಕಾಲದ ಹೊಲಿಗೆ ಯಂತ್ರ ಉದ್ದಾನೇ ಇರ್ತಿದ್ದವು!

ಯಾಕೆ ಕೈ ನಿಲ್ಲಿಸಿದೆ? ಔಷಧಿ ಹಚ್ಚು. ಪಟ್ಟಿ ಕಟ್ಟು. ಗಾಳಿ ತಾಗಿ ಉರೀತಿದೆ. ಏನು ಹಾಗೆ ನೋಡ್ತೀಯಾ ಅದನ್ನ? ಸುಟ್ಟ ಗಾಯ, ಇನ್ನೇನು! ಪೊಲೆಂಟಾ ಅಂದೆನಲ್ಲ... ಕಾಲಿನ ಒಳಮಗ್ಗುಲಿಗೆ ಹೇಗೆ ಅಂದರೆ... ಹಾಗೇ ಹರೀತು. ಹಿಟ್ಟು ಎಲ್ಲಿ ಬೇಕಾದರೂ ಹರಿಯುತ್ತೆ. ಗೆರೆ ಎಳೆದ ಹಾಗೆ ಓರೆಗೆ ಇದ್ದರೆ ನಾನೇನು ಮಾಡಲಿ?

ನೊಯೇಮಿ. ಮಾತಾಡೇ. ಇಷ್ಟೊತ್ತು ಆ ಊ ಅಂತಿದ್ದೆ.

ಏನು ಮಾಡ್ತಿದೀಯಾ? ನಿನ್ನ ಷರಾಯಿ ಯಾಕೆ ಮಡಚ್ತೀಯಾ? ...ಓ.

ಓ.

ಬಲಗಾಲು. ಒಳಮಗ್ಗುಲು. ಎಷ್ಟು ವರ್ಷದ್ದು ಅದು? ನಿಮ್ಮಪ್ಪನ ಹಿಂದೆ ಕೂತಾಗ... ಇಳಿಯುವಾಗ ಹೊಗೆ ಪೈಪು ತಾಗಿ... ಆಚೆ ದಡದಲ್ಲೂ ಬೆರ್ಗಾಂತಿ ಇಟ್ಟುಕೊಂಡಿದ್ದರಾ? ನೀನು ಹೇಳಲೇ ಇಲ್ಲವಲ್ಲ. ಮೂರು ಸಲ ಬಂದೆ, ಒಂದು ಸಲವೂ ಹೇಳಲಿಲ್ಲ. ನಮ್ಮ ಕಡೆ ಅದಕ್ಕೆ ಪೈಪಿನ ಮುತ್ತು ಅಂತಾರೆ. ಹೊಸ ಮದುವೆಯ ಹೆಣ್ಣುಗಳಿಗೆಲ್ಲ ಇರ್ತಿತ್ತು.

ಏನಾದರೂ ಅನ್ನು. ಉಗಿ ಬೇಕಾದರೆ. ಹಾಗೆ ಸುಮ್ಮನೆ ಕೂರಬೇಡ... ಅವನೂ ಹೀಗೇ ನೋಡಿದ್ದು ಕಣೇ, ವೈಸಿನ ಮೇಲಿಂದ. ಹೀಗೇ, ಸುಮ್ಮನೆ. ಹೇಳಬಹುದಿತ್ತು ಅವನು. "ಇನ್ನೊಂದು ತೆಕ್ಲಾನ ಕೊಟ್ಟಿಗೆಯಲ್ಲಿದೆ" ಅಂತ ಒಂದು ಮಾತು. ಅವರು ಇವಾನೋನ ಕೈ ಇಡ್ತಿರಲಿಲ್ಲ ಅಲ್ಲಿ, ತಲೆ ಇಡ್ತಿದ್ದರು. ಇವಾನೋ ಬೇಡ ಅಂದಿದ್ದ ಕಣೇ. ಬೇಡಮ್ಮಾ ಅಂತ ಕೈಮುಗಿದ. ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತೋಳು ನಾನು. ಒಂಬತ್ತು ವರ್ಷ ಆಗಿತ್ತು ಹತ್ತಿ, ಬಂಗಲೆ ಮುಂದೆ ಇಳಿಯುವಾಗ ಕಾಲು ಎಲ್ಲಿಡಬೇಕು ಅಂತ ಮರೆತುಹೋಗಿತ್ತು...

ಇರು, ಹೋಗಬೇಡ. ಪಟ್ಟಿ ಕಟ್ಟಿ ಹೋಗು. ಆಣೆ ಇಟ್ಟಿದೀಯಾ, ನೆನಪಿರಲಿ. ಯಾರಿಗೆ ಹೇಳ್ತೀಯಾ? ಹೇಳಿ ಏನುಪಯೋಗ? ಗೊತ್ತಿರಬೇಕಾದೋರಿಗೆ ಗೊತ್ತಿದೆ.

ಎರ್ಮೀನಿಯಾ ಬಂದಿದ್ದಳು, ನಿನ್ನೆ. ಮೂರು ವಾರದಿಂದ ನನ್ನ ಮುಖ ನೋಡಿರಲಿಲ್ಲ, ನಿನ್ನೆ ಬಾಗಿಲು ತಟ್ಟಿದಳು. ಕೈ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಚಾಕು ಅಂದುಕೊಂಡೆ. ಹಾಕಲಿ ಅಂತ ಹಾಗೇ ಕೂತಿದ್ದೆ, ಇದೇ ಕುರ್ಚಿಯಲ್ಲಿ, ಕಾಲು ನೀಡಿಕೊಂಡು. ಚಾಕು ಅಲ್ಲ. ಅಗೋ, ಕಿಟಕಿ ಹತ್ರ, ಆ ತಗಡಿನ ಡಬ್ಬಿ. ನನ್ನ ಕಾಲು ನೋಡಲಿಲ್ಲ, ಮುಖಾನೇ ನೋಡಿದಳು. ಬಯ್ಯಲಿಲ್ಲ, ದನಿ ಎತ್ತಲಿಲ್ಲ. ಡಬ್ಬಿ ಮೇಜಿನ ಮೇಲೆ ಇಟ್ಟು ಹೇಳಿದಳು,

"ದೇಲಿಯೋ ಕಳಿಸಿದಾನೆ, ತೆಕ್ಲಾ. ಕಾರ್ಖಾನೆಯಲ್ಲಿ ಎಲ್ಲರಿಗೂ ಈ ಮುಲಾಮು ಅವನೇ ಹಚ್ಚುತ್ತಾ ಇದ್ದದ್ದು. ಮುಚ್ಚಳ ನಾನು ಸಡಿಲ ಮಾಡಿದೀನಿ, ಅವನ ಕೈಲಿ ಆಗಲಿಲ್ಲ. ದಿನಕ್ಕೆರಡು ಸಲ ಹಚ್ಚಿಕೋ. ಪೈಪಿನ ಗಾಯ ಇದರಲ್ಲಿ ಬೇಗ ಮಾಯುತ್ತೆ."